ನಾಗೊಂದಿ ಮ್ಯಾಲಿನ ಭಾಂಡೆ, ಜಗತ್ತಿನ ಲಿಲಾವು

ಈ ಸಲ ಅಡಗಿ ಬಗ್ಗೆ ಅಲ್ಲ, ಅಡಗಿ ಮಾಡೋ ಭಾಂಡೆ ಬಗ್ಗೆ ಬರಿಲಿಕ್ಕೆ ಕೂತೇನಿ. ನಿಮ್ಮೊಳಗ ನಾಕು ಮಂದಿ ಫೋನ್ ಮಾಡಿದಾಗ ಒಂದೇ ಮಾತು ಕೇಳಿದ್ರಿ: “ಹಳೇ ಹಿತ್ತಾಳಿ, ತಾಮ್ರದ ಸಾಮಾನು, ಅಜ್ಜಿ ಕಾಲದ ಪಗಡಿ ಹಾಸು, ಇವನ್ನೆಲ್ಲ ಫೋಟೋ ಹಾಕಿ ಆನ್‌ಲೈನ್ ಲಿಲಾವು ಮಾಡಿದ್ರ ಭಾಳ ರೊಕ್ಕ ಬರ್ತದಂತಲ್ಲ, ಖರೇನ?” ಖರೇನೂ ಹೌದು, ಸುಳ್ಳೂ ಹೌದು. ಯಾವುದಕ್ಕ ಖರೆ, ಯಾವುದಕ್ಕ ಸುಳ್ಳು ಅಂತ ತಿಳಿಬೇಕಾದ್ರ ಈ ಲಿಲಾವಿನ ಕತಿ ಮೊದಲಿಂದ ಗೊತ್ತಿರಬೇಕು. ಅದು ಹುಟ್ಟಿದ್ದು ಅಮೆರಿಕಾದಾಗ. ಆದ್ರ ಆ ಕತಿಯೊಳಗ ನಮ್ಮಂಥಾ ಮನಿ ಹೆಣ್ಮಕ್ಕಳೂ ಬರ್ತಾರ.

ಲಿಲಾವು ಅಂದ್ರ ನಮಗೇನು ಹೊಸದಲ್ಲ. ಜಾತ್ರಿ ಮುಗದ ಮ್ಯಾಲೆ ಗುಡಿ ಮುಂದ ದೇವರಿಗೆ ಏರಿಸಿದ ಸೀರಿ, ಖಣ, ಟೆಂಗಿನಕಾಯಿ ಸವಾಲು ಹಾಕೋದನ್ನ ಎಲ್ಲಾರೂ ನೋಡೇವಿ. ಅಲ್ಲೆ ಒಂದು ವಿಷಯ ಲಕ್ಷ್ಯದಾಗ ಇಟ್ಕೋರಿ. ಸೀರಿ ಎಷ್ಟಕ್ಕ ಹೋಗ್ತದ ಅನ್ನೋದು ಸೀರಿ ಮ್ಯಾಲೆ ಅಷ್ಟ ಅಲ್ಲ, ಅವತ್ತು ಗುಡಿ ಮುಂದ ಯಾರ್ಯಾರು ನಿಂತಾರ ಅನ್ನೋದರ ಮ್ಯಾಲೂ ಇರ್ತದ. ಮಳಿ ಬಂದು ಮಂದಿ ಕಡಿಮಿ ಆದ್ರ ಛಲೋ ಇಳಕಲ್ ಸೀರಿನೂ ಸಸ್ತಾದಾಗ ಹೋಗ್ತದ. ಹಟಕ್ಕ ಬಿದ್ದ ಇಬ್ಬರು ಇದ್ರ ಸಾದಾ ಖಣನೂ ಸಾವಿರ ದಾಟ್ತದ. ಆನ್‌ಲೈನ್ ಲಿಲಾವಿನ ಇತಿಹಾಸ ಅಂದ್ರ ಇಷ್ಟ ನೋಡ್ರಿ: ಆ ಗುಡಿ ಮುಂದ ಜಗತ್ತಿನ ಮಂದಿನೆಲ್ಲ ತಂದು ನಿಲ್ಲಿಸಿದ್ದು.

ಅದಕ್ಕಿಂತ ಮೊದಲು ಅಮೆರಿಕಾದ ಮಂದಿ ಹಳೇ ಸಾಮಾನು ಹೆಂಗ ಮಾರ್ತಿದ್ರು? ಮನಿ ಬದಲಿ ಮಾಡೋವಾಗ, ಇಲ್ಲಾ ಹಿರಿಯರು ತೀರಿಕೊಂಡಾಗ, ಗಾಡಿ ನಿಲ್ಲಿಸೋ ಕ್ವಾಣಿ ಮುಂದ ಮೇಜು ಹಾಕಿ ಎಲ್ಲಾ ಹರವಿ ಕೂಡ್ತಾರ. ಗ್ಯಾರೇಜ್ ಸೇಲ್ ಅಂತಾರ ಅದಕ್ಕ. ದೊಡ್ಡ ಸಂತಿನೂ ಅವ. ಮ್ಯಾಸಚೂಸೆಟ್ಸ್ ರಾಜ್ಯದ ಬ್ರಿಮ್‌ಫೀಲ್ಡ್ ಅನ್ನೋ ಸಣ್ಣ ಊರಾಗ 1959ರಿಂದ ಹಳೇ ಸಾಮಾನಿನ ದೊಡ್ಡ ಸಂತಿ ನಡಕೋತ ಬಂದದ. ಇವುಗಳ ತೊಂದರಿ ಏನಂದ್ರ, ಸಾಮಾನು ಒಂದು ಊರಾಗ, ಅದನ್ನ ಹುಡುಕೋ ಗಿರಾಕಿ ಇನ್ನೊಂದು ಊರಾಗ. ಟೆಕ್ಸಾಸದ ಮುದಕಿ ಒಬ್ಬಾಕಿ ತನ್ನ ಕಬ್ಬಿಣದ ತವಾ ಎರಡು ಡಾಲರಿಗೆ ಕೊಟ್ಟು ಕೈ ಝಾಡಿಸ್ತಿದ್ಲು. ಅದೇ ತವಾಕ್ಕ ನೂರು ಡಾಲರ್ ಕೊಡೋವ ಒರೆಗಾನ್‌ದಾಗ ಸಿಗಲಿಲ್ಲ ಅಂತ ಪೇಚಾಡಕೋತ ಕೂಡ್ತಿದ್ದ. ನಡುವ ವ್ಯಾಪಾರಸ್ಥ ಬದುಕ್ತಿದ್ದ.

1995ರ ಸಪ್ಟೆಂಬರದಾಗ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆದೊಳಗ ಪಿಯರ್ ಒಮಿಡ್ಯಾರ್ ಅನ್ನೋ ಕಂಪ್ಯೂಟರ್ ಪ್ರೋಗ್ರಾಮರ್ ರಜಾದಾಗ ಕೂತು ‘ಆಕ್ಷನ್‌ವೆಬ್’ ಅಂತ ಒಂದು ಸಣ್ಣ ತಾಣ ಮಾಡಿದ. ಅವ ಮೊದಲು ಮಾರಿದ ಸಾಮಾನು ಒಂದು ಮುರದ ಲೇಸರ್ ಪಾಯಿಂಟರ್. 14 ಡಾಲರ್ 83 ಸೆಂಟಿಗೆ ಹೋತು. ಮುರದದ್ದದ ಅಂತ ಗೊತ್ತದನೋ ಇಲ್ಲೋ ಅಂತ ತಗೊಂಡವಂಗ ಕೇಳಿದ್ರ, ಅವ ಮುರದ ಲೇಸರ್ ಪಾಯಿಂಟರನ್ನೇ ಕೂಡಿಸೋ ಮನುಷ್ಯ ಇದ್ದ! ನಾವು ಕಸ ಅಂತ ಬಿಸಾಕೋದನ್ನ ಹುಡುಕೋತ ಎಲ್ಲೋ ಒಬ್ಬ ಕೂತಿರ್ತಾನ ಅನ್ನೋದು ಮೊದಲನೇ ದಿನಾನೇ ಗೊತ್ತಾತು. 1997ರಾಗ ಆ ತಾಣದ ಹೆಸರು ‘ಈಬೇ’ ಆತು, 1998ರಾಗ ಶೇರು ಮಾರ್ಕೆಟ್ಟಿಗೆ ಬಂತು.

ಈಬೇ ಬಗ್ಗೆ ಇನ್ನೊಂದು ಕತಿ ಭಾಳ ಮಂದಿ ಹೇಳ್ತಾರ. ಒಮಿಡ್ಯಾರನ ಹೆಂಡತಿ ಆಗೋ ಹುಡುಗಿಗೆ ‘ಪೆಜ್’ ಅನ್ನೋ ಪೆಪ್ಪರಮಿಂಟಿನ ಗೊಂಬಿ ಡಬ್ಬಿ ಕೂಡಿಸೋ ಹುಚ್ಚಿತ್ತು, ಅಕಿ ಸಲುವಾಗೇ ಇದನ್ನ ಮಾಡಿದ ಅಂತ. ಅದು ಪತ್ರಿಕಾದವರ ಮನಸ್ಸಿಗೆ ಹಿಡಿಸಲಿ ಅಂತ ಕಂಪನಿಯ ಪ್ರಚಾರದಾಕಿ ಕಟ್ಟಿದ ಕತಿ ಅಂತ ಆಮ್ಯಾಲೆ ಹೊರಗ ಬಂತು.

ಈಗ ಇದರ ಪದ್ಧತಿ ಹೇಳ್ತೀನಿ. ಗುಡಿ ಮುಂದಿನ ಸವಾಲಿನ್ಯಾಗ ನಾವೇ ನಿಂತು ಒದರಬೇಕು. ಇಲ್ಲೆ ಹಂಗಿಲ್ಲ. ನನ್ನ ಮನಸ್ಸಿನ ಕಡೀ ದರ 500 ಅಂತ ಗುಟ್ಟಾಗಿ ಬರದಿಟ್ರ, ಕಂಪ್ಯೂಟರ್ ನನ್ನ ಪರವಾಗಿ ಸ್ವಲ್ಪ ಸ್ವಲ್ಪ ಏರಿಸಿಕೋತ ಹೋಗ್ತದ. ನನ್ನ ಎದುರಿನಾಕಿ ಕಡೀ ದರ 300 ಇದ್ರ, ನನಗ ಅದು 300ರ ಮ್ಯಾಲೆ ಒಂದು ಮೆಟ್ಟಿಲು ಏರಿ ಸಿಗ್ತದ. 500 ಕೊಡೋ ಕಾರಣ ಇಲ್ಲ. ಅಂದ್ರ ಸಾಮಾನಿನ ಬೆಲಿ ಠರಾಸೋದು ಗೆದ್ದಾಕಿ ಅಲ್ಲ, ಸೋತಾಕಿ. ಹಿಂಗಾಗಿ ಒಬ್ಬಳೇ ಗಿರಾಕಿ ಇದ್ದ ಸಾಮಾನು ಎಷ್ಟ ಅಪರೂಪದ್ದಿದ್ರೂ ರೊಕ್ಕ ತರಂಗಿಲ್ಲ. ಇಬ್ಬರಾದ್ರೂ ಬೇಕು. ಕೆಲವರು ಅಗದಿ ಕಡೀ ಹತ್ತು ಸೆಕೆಂಡಿಗೆ ಬಂದು ದರ ಹಾಕಿ ಹೊಡಕೊಂಡು ಹೋಗ್ತಾರ, ಅದೂ ಒಂದು ಆಟ.

ಇನ್ನ ಗುರುತಿಲ್ಲದವರಿಗೆ ರೊಕ್ಕ ಕಳಸೋದು ಹೆಂಗ? ಅದಕ್ಕ 1996ರಾಗ ತಗೊಂಡವರು ಮಾರಿದವರ ಬಗ್ಗೆ, ಮಾರಿದವರು ತಗೊಂಡವರ ಬಗ್ಗೆ ಎಲ್ಲಾರಿಗೂ ಕಾಣೂ ಹಂಗ ಅಭಿಪ್ರಾಯ ಬರಿಯೋ ಪದ್ಧತಿ ತಂದ್ರು. ನಮ್ಮ ಓಣ್ಯಾಗ “ಆಕಿ ಹಾಲಿಗೆ ನೀರು ಹಾಕ್ತಾಳ” ಅಂತ ಒಮ್ಮೆ ಸುದ್ದಿ ಹಬ್ಬಿದ್ರ ಮುಗೀತು ನೋಡ್ರಿ, ಅದೇ ರೀತಿ. ಮೊದಲು ಚೆಕ್ಕು, ಮನಿ ಆರ್ಡರು ಅಂಚಿಯೊಳಗ ಹೋಗಿ ಮುಟ್ಟೋತನಕ ಕಾಯ್ತಿದ್ರು. ‘ಪೇಪಾಲ್’ ಬಂದ ಮ್ಯಾಲೆ ಅದೂ ಸುಲಭ ಆತು, 2002ರಾಗ ಈಬೇ ಅದನ್ನೂ ಕೊಂಡ್ಕೊಂತು.

ಹಿಂಗ ಎಲ್ಲಾರೂ ಒಂದೇ ಕಡೆ ಕೂಡಿದಾಗ ಎರಡು ಪರಿಣಾಮ ಆದವು. ಅಪರೂಪದ ಸಾಮಾನಿಗೆ ದೇಶದ ತುಂಬ ಗಿರಾಕಿ ಸಿಕ್ಕು ಬೆಲಿ ಏರ್ತು. ಆದ್ರ ಅಪರೂಪ ಅಂತ ತಿಳಕೊಂಡಿದ್ದ ಎಷ್ಟೋ ಸಾಮಾನು ಮನಿ ಮನ್ಯಾಗೂ ಇದ್ವು ಅಂತ ಗೊತ್ತಾಗಿ ಬೆಲಿ ನೆಲಕ್ಕ ಬಿತ್ತು. ಗ್ವಾಡಿಗೆ ತೂಗಹಾಕೋ ಚಿತ್ರದ ಪ್ಲೇಟು ಅಲ್ಲಿಯವರು ಮುಂದ ಕಿಮ್ಮತ್ತು ಬರ್ತದ ಅಂತ ಕೂಡಿಸಿ ಇಟ್ಟಿದ್ರು, ಈಗ ಅವನ್ನ ಕೇಳೋರಿಲ್ಲ. ಹಳೇದಾತು ಅಂದಕೂಡ್ಲೆ ಬೆಲಿ ಬರಂಗಿಲ್ಲ. ಉಳದದ್ದು ಎಷ್ಟು, ಬೇಕಾದವರು ಎಷ್ಟು, ಇವೆರಡನ್ನ ಲೆಕ್ಕ ಹಾಕಬೇಕು.

ಈಗ ಹೆಣ್ಮಕ್ಕಳ ಕತಿಗೆ ಬರ್ತೀನಿ. ನಮ್ಮ ನಾದಿನಿ ಮಗಳು ಅಮೆರಿಕಾದ ಓಹಾಯೋದಾಗ ಇದ್ದಾಳ. ಶನಿವಾರ ಗ್ಯಾರೇಜ್ ಸೇಲಿಗೆ ಹೋಗಿ ಹಳೇ ಗಾಜಿನ ಬೋಗುಣಿ ತಂದು, ತೊಳದು, ಫೋಟೋ ತಗದು ಮಾರ್ತಾಳ. ಪೈರೆಕ್ಸ್ ಅಂತ ಅದರ ಹೆಸರು. ಅದರ ಹುಟ್ಟು ಹೆಂಗಾತು ಗೊತ್ತದ ಏನು? ನ್ಯೂಯಾರ್ಕ್ ರಾಜ್ಯದ ಕಾರ್ನಿಂಗ್ ಅನ್ನೋ ಊರಿನ ಗಾಜಿನ ಕಾರ್ಖಾನ್ಯಾಗ ರೈಲ್ವೆ ಕಂದೀಲಿಗೆ, ಬ್ಯಾಟರಿ ಜಾಡಿಗೆ ಅಂತ ಒಂದು ಗಟ್ಟಿ ಗಾಜು ಮಾಡ್ತಿದ್ರು. ಬಿಸಿ ಇದ್ದಾಗ ತಣ್ಣೀರು ಬಿದ್ರೂ ಒಡಿತಿರಲಿಲ್ಲ. ಅಲ್ಲೆ ಕೆಲಸ ಮಾಡೋ ವಿಜ್ಞಾನಿ ಜೆಸ್ಸಿ ಲಿಟಲ್‌ಟನ್‌ನ ಹೆಂಡತಿ ಬೆಸ್ಸಿ. 1913ರಾಗ ಅಕಿ ಓವನ್ನಿನ್ಯಾಗ ಇಡೋ ಮಣ್ಣಿನ ಪಾತ್ರಿ ಒಡೀತು. ಕಾರ್ಖಾನಿ ಗಾಜಿನ ಜಾಡಿ ತಂದುಕೊಡ್ರಿ ಅಂತ ಗಂಡಗ ಹೇಳಿದ್ಲು. ಅವ ಬ್ಯಾಟರಿ ಜಾಡಿ ಬುಡ ಕೊಯ್ದು ತಂದ, ಅಕಿ ಅದರಾಗ ಕೇಕು ಮಾಡಿದ್ಲು. ಕೇಕು ಎಲ್ಲಾ ಕಡೆ ಒಂದೇಸಮ ಬೆಂದಿತ್ತು, ಒಳಗ ಬೇಯೋದು ಹೊರಗಿಂದ ಕಾಣ್ತಿತ್ತು, ತಳಕ್ಕ ಹತ್ತಿದ್ದಿಲ್ಲ. ಮರುದಿನ ಗಂಡ ಆ ಕೇಕು ಕಾರ್ಖಾನಿಗೆ ಒಯ್ದ. ಎರಡು ವರ್ಷದ ಮ್ಯಾಲೆ, 1915ರಾಗ ಪೈರೆಕ್ಸ್ ಅಂಗಡಿಗೆ ಬಂತು. ಇಷ್ಟು ದೊಡ್ಡ ಧಂದೆ ಒಬ್ಬಾಕಿ ಅಡಗಿಮನ್ಯಾಗ ಹುಟ್ಟಿದ್ದು ನೋಡ್ರಿ.

ಎರಡನೇ ಮಹಾಯುದ್ಧ ಮುಗಿಯೋ ಹೊತ್ತಿಗೆ ಹಳದಿ, ಹಸರು, ಕೆಂಪು, ನೀಲಿ ಬಣ್ಣದ ನಾಕು ಬೋಗುಣಿ, ಒಂದರೊಳಗ ಒಂದು ಕೂಡೋವು ಬಂದ್ವು. ಆಮ್ಯಾಲೆ ಹೂವು, ಹಣ್ಣು, ಹುಂಜದ ಚಿತ್ರದವು. ನಮ್ಮ ಕಡೆ ಸ್ಟೀಲಿನ ಡಬ್ಬಿ ಸಾಲು ಹೆಂಗೋ, ಅವರಿಗೆ ಇದು ಹಂಗ. ಈಗ ಅದಕ್ಕ ರೊಕ್ಕ ಬರೋದು ಮೂರು ಕಾರಣಕ್ಕ: ಒಂದೇ ಜೋಡಿನ ನಾಕೂ ಬೋಗುಣಿ ಕೂಡಿರಬೇಕು, ಬಣ್ಣದ ಹೊಳಪು ಹೋಗಿರಬಾರದು, ಆ ಚಿತ್ರ ಸ್ವಲ್ಪ ದಿನ ಅಷ್ಟ ಮಾಡಿದ್ದಿರಬೇಕು. ಭಾಂಡೆ ತೊಳಿಯೋ ಮಶೀನಿನ್ಯಾಗ ಹಾಕಿದ್ರ ಬಣ್ಣ ಮಸಕ ಆಗ್ತದ, ಅರ್ಧ ಕಿಮ್ಮತ್ತು ಅಲ್ಲೇ ಹೋತು. ಯಾವ ಮನಿಯಾಕಿ ಕೈಲೆ ತೊಳದು ಇಟ್ಟಾಳೋ, ಅಕಿ ಕೈಯ ಜ್ವಾಕಿಗೆ ಐವತ್ತು ವರ್ಷದ ಮ್ಯಾಲೆ ರೊಕ್ಕ ಬಂತು ಅಂತ ನನಗ ಅನಸ್ತದ.

ಕಬ್ಬಿಣದ ತವಾದ ಕತಿನೂ ಹಂಗ. ಪೆನ್ಸಿಲ್ವೇನಿಯಾದ ಈರಿ ಊರಾಗ ಗ್ರಿಸ್‌ವೋಲ್ಡ್ ಅನ್ನೋ ಕಂಪನಿ 1865ರಿಂದ 1957ರ ತನಕ ಎರಕದ ಕಬ್ಬಿಣದ ತವಾ, ಬುಟ್ಟಿ ಮಾಡ್ತಿತ್ತು. ನಾನ್‌ಸ್ಟಿಕ್ ಬಂದ ಮ್ಯಾಲೆ ಎಲ್ಲಾರೂ ಅವನ್ನ ಒಗದ್ರು. ಈಗ ಅದೇ ತವಾ ಹಗುರ ಅದ, ಒಳಗಿನ ಮೈ ಹಲ್ಲಿನಂಗ ನುಣುಪದ ಅಂತ ಹುಡುಕ್ತಾರ. 8 ನಂಬರ ಅಳತಿದು ಬೇಕಾದಷ್ಟು ಸಿಗ್ತಾವ, 13 ನಂಬರದ್ದು ಸಿಗೋದು ಕಷ್ಟ, ಅದಕ್ಕ ಬೆಲಿ ಎಷ್ಟೋ ಪಟ್ಟು ಜಾಸ್ತಿ. ಬೆಲಿ ಬಂದಲ್ಲೆ ನಕಲಿನೂ ಬಂತು, ಹಳೇ ತವಾದಿಂದ ಅಚ್ಚು ತಗದು ಹೊಸಾದು ಎರದು ಮಾರ್ತಾರ. ಕೈಯ್ಯಾಗ ಹಿಡದು ನೋಡಿದಾಕಿಗೆ ಗೊತ್ತಾಗ್ತದ, ನಕಲಿ ಒರಟಿರ್ತದ. ಬಡಗ್ಯಾರ ಸಾಮಾನೂ ಬಿಟ್ಟಿಲ್ಲ. ಸ್ಟ್ಯಾನ್ಲಿ ಕಂಪನಿಯ 1 ನಂಬರಿನ ಉಜ್ಜುಗೊರಡು ಗೇಣಿಗಿಂತ ಸಣ್ಣದು, ಆದ್ರ ಸಾವಿರ ಡಾಲರ್ ದಾಟಿ ಹೋಗ್ತದ.

ಆಟದ ಸಾಮಾನಿನ ಕತಿ ಕೇಳಿದ್ರ ಹೊಟ್ಟಿ ಉರಿತದ. ನಮ್ಮ ಹುಡುಗರು ರಜಾದಾಗ ‘ಬಿಜಿನೆಸ್’ ಅಂತ ಊರು ಕೊಂಡು ಬಾಡಿಗಿ ಕೊಡೋ ಆಟ ಆಡ್ತಿದ್ರಲ್ಲ, ಅದರ ಮೂಲ ಅಮೆರಿಕಾದ ‘ಮೊನೊಪಲಿ’. ಅದಕ್ಕೂ ಮೂಲ ಲಿಜಿ ಮಗೀ ಅನ್ನೋ ಹೆಣ್ಮಗಳು ಮಾಡಿದ ‘ಜಮೀನದಾರನ ಆಟ’. 1904ರಾಗ ಅದಕ್ಕ ಪೇಟೆಂಟ್ ತಗೊಂಡಿದ್ಲು. ಜಮೀನು ಹಿಡಕೊಂಡು ಕೂತವ ಹೆಂಗ ಉಳದವರನ್ನ ಬಡವರನ್ನ ಮಾಡ್ತಾನ ಅಂತ ತೋರಸೋದು ಅಕಿ ಉದ್ದೇಶ. ಮಂದಿ ಮನ್ಯಾಗೇ ಹಲಗಿ, ಅರಬಿ ಮ್ಯಾಲೆ ಗೆರಿ ಎಳಕೊಂಡು ಮೂವತ್ತು ವರ್ಷ ಆಡಿದ್ರು. ಆಮ್ಯಾಲೆ ಚಾರ್ಲ್ಸ್ ಡ್ಯಾರೋ ಅನ್ನೋವ ಅದನ್ನ ತಂದೇ ಅಂತ 1935ರಾಗ ಪಾರ್ಕರ್ ಬ್ರದರ್ಸ್ ಕಂಪನಿಗೆ ಮಾರಿ ಶ್ರೀಮಂತ ಆದ. ಲಿಜಿ ಮಗೀ ಪೇಟೆಂಟಿಗೆ ಕಂಪನಿ ಕೊಟ್ಟಿದ್ದು 500 ಡಾಲರ್, ಮುಂದ ಒಂದು ಪೈ ಇಲ್ಲ. 1970ರ ದಶಕದಾಗ ಒಂದು ಕೋರ್ಟು ಕೇಸಿನ ನಿಮಿತ್ತ ಹಳೇ ಕಾಗದ ಹುಡುಕಿದಾಗ ಅಕಿ ಹೆಸರು ಮತ್ತ ಮ್ಯಾಲೆ ಬಂತು. ಡ್ಯಾರೋ ಕೈಲೆ ಬರದ ಮೇಣಬಟ್ಟಿಯ ಒಂದು ಹಾಸು 2010ರಾಗ ಸದಬೀಸ್ ಲಿಲಾವಿನ್ಯಾಗ 1,40,000 ಡಾಲರಿಗಿಂತ ಹೆಚ್ಚಿಗೆ ಹೋತು. ಅದು ಆನ್‌ಲೈನ್ ಲಿಲಾವಲ್ಲ, ದೊಡ್ಡ ಮಂದಿ ಲಿಲಾವು. ಆದ್ರ ಪಾಠ ಒಂದೇ: ಯಾರ ಹೆಸರು ಸಾಮಾನಿನ ಜೋಡಿ ಉಳಿತದೋ ರೊಕ್ಕ ಅವರ ಹೆಸರಿಗೇ ಹೋಗ್ತದ.

ನಮ್ಮ ದೇಶಕ್ಕ ಈ ಲಿಲಾವು ಬಂದದ್ದು ‘ಬಾಜೀ’ ಅನ್ನೋ ತಾಣದಿಂದ. 2004ರಾಗ ಈಬೇ ಅದನ್ನ ಸುಮಾರು 5 ಕೋಟಿ ಡಾಲರಿಗೆ ಕೊಂಡು ‘ಈಬೇ ಇಂಡಿಯಾ’ ಮಾಡ್ತು. ನಾಣ್ಯ, ಸ್ಟಾಂಪು, ಹಳೇ ಗಡಿಯಾರ, ಹಿತ್ತಾಳಿ ಸಾಮಾನು ಅದರಾಗ ಭಾಳ ಮಂದಿ ಮಾರಿದ್ರು. 2017ರಾಗ ಅದು ಫ್ಲಿಪ್‌ಕಾರ್ಟ್ ಕೈಗೆ ಹೋತು, 2018ರ ಆಗಸ್ಟದಾಗ ಬಾಗಿಲಾ ಹಾಕ್ತು. ಈಗ ಹೆಚ್ಚಿನ ಮಂದಿ ಫೇಸ್‌ಬುಕ್ಕು, ಇನ್‌ಸ್ಟಾಗ್ರಾಮು, ವಾಟ್ಸಾಪ್ ಗುಂಪಿನ್ಯಾಗ ಫೋಟೋ ಹಾಕಿ, “ರಾತ್ರಿ ಒಂಬತ್ತರ ತನಕ ದರ ಹೇಳ್ರಿ” ಅಂತ ಲಿಲಾವು ಮಾಡ್ತಾರ. ಅಲ್ಲೆ ನಡುವ ಜಾಮೀನು ನಿಲ್ಲೋರು ಯಾರೂ ಇಲ್ಲ, ಅದಕ್ಕ ರೊಕ್ಕ ಕೈಗೆ ಬರೋತನಕ ಸಾಮಾನು ಕಳಿಸಬ್ಯಾಡ್ರಿ. ರೊಕ್ಕ ಕೊಡ್ತೀನಿ ಅಂದು ಯಾರರೆ ಕ್ಯೂ.ಆರ್. ಕೋಡ್ ಕಳಸಿ ಪಿನ್ ಒತ್ರಿ ಅಂದ್ರ ಅದು ಮೋಸ, ರೊಕ್ಕ ತಗೊಳ್ಳಿಕ್ಕೆ ಪಿನ್ ಬೇಕಾಗಂಗಿಲ್ಲ.

ಕಾಯ್ದೆದ ಮಾತೂ ಗೊತ್ತಿರಲಿ. 1972ರ ಪ್ರಾಚೀನ ವಸ್ತುಗಳ ಕಾಯ್ದೆ ಅಂತ ಅದ, ಅದು 1976ರಿಂದ ಜಾರಿಗೆ ಬಂತು. ನೂರು ವರ್ಷಕ್ಕಿಂತ ಹಳೇ ಮೂರ್ತಿ, ಕಲಾಕೃತಿ, ಕೈಗಾರಿಕಿ ಸಾಮಾನು ಇವೆಲ್ಲ ‘ಪ್ರಾಚೀನ ವಸ್ತು’ ಅನಿಸ್ಕೋತಾವ. ಅಂಥಾವನ್ನ ನಾವು ಹೊರದೇಶಕ್ಕ ಕಳಸೋ ಹಂಗಿಲ್ಲ, ಅವುಗಳ ವ್ಯಾಪಾರ ಮಾಡ್ಲಿಕ್ಕೆ ಲೈಸೆನ್ಸ್ ಬೇಕು. ಹಳೇದು ಹೌದೋ ಅಲ್ಲೋ ಅಂತ ಸಂಶಯ ಇದ್ರ ಪುರಾತತ್ವ ಇಲಾಖೆಯಿಂದ ‘ಇದು ಪ್ರಾಚೀನ ವಸ್ತು ಅಲ್ಲ’ ಅಂತ ಸರ್ಟಿಫಿಕೇಟ್ ತಗೋಬೇಕು. ಆನಿ ದಂತದ ಪಗಡಿ ದಾಳ, ಕುಂಕುಮದ ಡಬ್ಬಿ ಇದ್ರ ಮಾರೋ ಮಾತೇ ತಗೀಬ್ಯಾಡ್ರಿ, ವನ್ಯಜೀವಿ ಕಾಯ್ದೆ ಅದಕ್ಕ ಪೂರಾ ಅಡ್ಡ ಅದ.

ಇನ್ನ ನಮ್ಮ ಭಾಂಡೆ ಎಲ್ಲಿ ಹೋದ್ವು? ಸ್ಟೀಲು ಬಂದ ಮ್ಯಾಲೆ ಹೋದ್ವು. 1980ರ ದಶಕದಾಗ ಸೇಲಂ ಕಾರ್ಖಾನಿಯ ಸ್ಟೀಲ್ ತಗಡು ಬರಲಿಕ್ಕೆ ಹತ್ತಿದ ಮ್ಯಾಲಂತೂ ಹಳ್ಳಿ ಮನ್ಯಾಗೂ ಸ್ಟೀಲ್ ಭಾಂಡೆ ಬಂದ್ವು. ಹುಣಸಿಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಕೈ ಸೋತಿದ್ವು, ಕಲಾಯಿ ಹಾಕವ ವರ್ಷಕ್ಕೊಮ್ಮೆ ಬರೋದೂ ನಿಂತ. ಹಳೇ ಅರಬಿಗೆ ಭಾಂಡೆ ಕೊಡೋ ಹೆಣ್ಮಗಳು ಬಾಗಿಲಿಗೆ ಬಂದ್ರ ಜರದ ಸೀರಿ ಕೊಟ್ಟು ಸ್ಟೀಲ್ ಡಬ್ಬಿ ತಗೊಂಡ್ವಿ. ಹಿತ್ತಾಳಿ ಕೊಡ, ತಾಮ್ರದ ಹಂಡೆ, ಕಂಚಿನ ಗಂಗಾಳ ಗುಜರಿಯವನ ತಕ್ಕಡಿಗೆ ಏರಿದ್ವು. ನಮ್ಮ ಅವ್ವಗಳನ್ನ ಬೈಯೋ ಕಾರಣ ಇಲ್ಲ. ಅವರ ಬೆನ್ನು ಉಳೀತು. ಆದ್ರ ತಕ್ಕಡಿಗೆ ಗೊತ್ತಿರೋದು ತೂಕ ಒಂದೇ. ನೂರು ವರ್ಷದ ಕೆತ್ತನಿ ಚರಗಿನೂ, ಹೋದ ವರ್ಷದ ನಳನೂ ಅದಕ್ಕ ಒಂದೇ.

ಕೆಲವರಿಗೆ ಈ ಸಂಕಟ ಮೊದಲೇ ತಿಳದಿತ್ತು. ಅಹಮದಾಬಾದಿನ್ಯಾಗ ಸುರೇಂದ್ರ ಪಟೇಲ್ ಅನ್ನೋವರು ಕರಗಿಸಲಿಕ್ಕೆ ಹೋಗೋ ಪಾತ್ರಿ ಕೂಡಿಸಿ 1981ರಾಗ ಬರೇ ಅಡಗಿ ಪಾತ್ರಿದೇ ಒಂದು ಮ್ಯೂಜಿಯಂ ಮಾಡಿದ್ರು. ನಮಗ ಸಮೀಪದ ಪುಣೇದಾಗ ದಿನಕರ ಕೇಳಕರ ಅವರು ಸಣ್ಣ ವಯಸ್ಸಿಗೇ ತೀರಿಕೊಂಡ ಮಗ ರಾಜಾನ ನೆನಪಿಗೆ ಅಂತ ದೀಪ, ಅಡಕೊತ್ತು, ಈಳಿಗಿ, ಅಡಗಿ ಸಾಮಾನು ಕೂಡಿಸಿದ್ದು ಇವತ್ತೂ ನೋಡ್ಲಿಕ್ಕೆ ಅವ. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಪಗಡಿ, ಚೌಕಾಬಾರಾ, ಅಳಗುಳಿ ಮಣಿ ಆಟಗಳನ್ನ ಮತ್ತ ಮಾಡಿಸಿ ಪ್ರದರ್ಶನ ಇಡ್ತಾರ. ನಾವು ಮಳಿಗಾಲದಾಗ ಹುಣಸಿಬೀಜ, ಕವಡಿ ಹಿಡಕೊಂಡು ಆಡಿದ ಆಟಕ್ಕ ಈಗ ಅಂಗಡ್ಯಾಗ ಕಿಮ್ಮತ್ತು ಬಂದದ.

ಇದು ಬರೇ ಊರ ಮಾತಲ್ಲ, ನಮ್ಮ ಮನಿ ಮಾತೂ ಹೌದು. ಅತ್ತಿಯವರು ತೀರಿಕೊಂಡು ಎರಡು ವರ್ಷ ಆತು. ಊರ ಮನಿ ಈ ಯುಗಾದಿ ಒಳಗ ಖಾಲಿ ಮಾಡಿಕೊಡಬೇಕು. ನಾಗೊಂದಿ ಮ್ಯಾಲೆ ಎರಡು ಹಂಡೆ, ಏಳು ಚರಗಿ, ಹನ್ನೊಂದು ಗಂಗಾಳ, ಶಾವಗಿ ಮಣಿ, ಸೇರು-ಪಾವು, ಒಂದು ಅರಬಿ ಪಗಡಿ ಹಾಸು ಅವ. ಮೂರು ಮಂದಿ ನೆಗೆಣ್ಣ್ಯಾರೊಳಗ ಒಬ್ಬಾಕಿ ತೂಕಕ್ಕ ಹಾಕಿ ರೊಕ್ಕ ಹಂಚಿಕೊಳ್ಳೋಣ ಅಂತಾಳ. ಅಕಿ ಮಗನ ಕಾಲೇಜಿನ ಫೀ ಕಟ್ಟೋದದ, ಅಕಿ ಮಾತೂ ಖರೇನೇ. ಇನ್ನೊಬ್ಬಾಕಿ ಒಂದೂ ಮಾರಬಾರದು ಅಂತಾಳ, ಆದ್ರ ಅಕಿ ಇರೋದು ಎರಡು ಖೋಲಿ ಫ್ಲ್ಯಾಟಿನ್ಯಾಗ, ಹಂಡೆ ಇಡ್ಲಿಕ್ಕೆ ಬಚ್ಚಲನೂ ಸಾಲಂಗಿಲ್ಲ.

ನಾನು ಇಬ್ಬರಿಗೂ ಹೇಳಿದ್ದು ಇಷ್ಟ. ಮೊದಲು ಎಲ್ಲಾ ಕೆಳಗ ಇಳಿಸಿ, ಬುಡ ತಿರುವಿ, ಬರದದ್ದು ಓದೋಣ. ನಮ್ಮ ಕಡೆ ಭಾಂಡೆ ಮ್ಯಾಲೆ ಚುಕ್ಕಿ ಚುಕ್ಕಿ ಹೊಡದು ಹೆಸರು ಹಾಕಿಸ್ತಾರಲ್ಲ, ಯಾರ ಲಗ್ನಕ್ಕ ಯಾರು ಉಡುಗೊರೆ ಕೊಟ್ಟಿದ್ದು, ಯಾವ ಇಸವಿ ಅಂತ, ಅದೇ ಅದರ ಜಾತಕ. ಗುಜರಿಯವನಿಗೆ ಆ ಹೆಸರಿಂದ ಉಪಯೋಗ ಇಲ್ಲ, ಹಳೇ ಸಾಮಾನು ಕೂಡಿಸೋ ಗಿರಾಕಿಗೆ ಅದೇ ಗುರುತು, ನಮಗ ಅದೇ ಅತ್ತಿಯವರು. ಒಂದು ನೋಟ್‌ಬುಕ್ಕಿನ್ಯಾಗ ಒಂದೊಂದರ ಹೆಸರು, ತೂಕ, ಎತ್ತರ, ಏನಕ್ಕ ಬಳಸ್ತಿದ್ರು, ಯಾರ ತವರಿಂದ ಬಂದದ್ದು ಅಂತ ಬರಿಯೋಣ. ಆಮ್ಯಾಲೆ ಮೂರು ಪಾಲು: ಹೆಸರಿದ್ದದ್ದು ಮನ್ಯಾಗ ಉಳಿಲಿ, ಮನಿಗೊಂದೊಂದು. ಕೆತ್ತನಿ ಇದ್ದದ್ದು, ಜೋಡಿ ಪೂರಾ ಇದ್ದದ್ದು ಲಿಲಾವಿಗೆ ಹೋಗ್ಲಿ. ಸೀಳಿದ್ದು, ಬುಡ ಹೋದದ್ದು ತೂಕಕ್ಕ ಹೋಗ್ಲಿ. ಬಂದ ರೊಕ್ಕದಾಗ ಮೊದಲು ಹುಡುಗನ ಫೀ.

ನೀವೂ ಮಾರೋದಿದ್ರ ಇಷ್ಟು ನೆನಪಿಡ್ರಿ. ಫೋಟೋ ತಗಿಯೋ ಮೊದಲು ಹುಣಸಿಹಣ್ಣು, ಪಿತಾಂಬರಿ ಹಚ್ಚಿ ಫಳಫಳ ತಿಕ್ಕಬ್ಯಾಡ್ರಿ, ಬರೇ ಧೂಳ ಒರಸ್ರಿ. ಹಳೇ ಸಾಮಾನು ಕೂಡಿಸೋರಿಗೆ ಆ ಕಪ್ಪು ಬಣ್ಣನೇ ವಯಸ್ಸಿನ ಗುರುತು. ಹಗಲು ಬೆಳಕಿನ್ಯಾಗ ಮ್ಯಾಲೆ, ಕೆಳಗ, ಒಳಗ, ಮುದ್ರಿ, ಸೀಳು ಎಲ್ಲಾದರದೂ ಫೋಟೋ ಇರಲಿ. ಅಳತಿ ತಿಳಿಲಿ ಅಂತ ಬಾಜೂಕ ಒಂದು ಸ್ಕೇಲ್ ಇಡ್ರಿ. ಸೀಳಿದ್ದನ್ನ ಮುಚ್ಚಿಡಬ್ಯಾಡ್ರಿ, ನೀವೇ ಹೇಳಿಬಿಡ್ರಿ, ಹೆಸರು ಉಳಿತದ. ಕಡಿಮಿ ಅಂದ್ರ ಇಷ್ಟಕ್ಕ ಕೊಡ್ತೀನಿ ಅನ್ನೋ ದರ ಮೊದಲೇ ಬರೀರಿ, ಅದು ಗುಜರಿ ತೂಕದ ದರಕ್ಕಿಂತ ಮ್ಯಾಲಿರಲಿ. ಭಾರದ ಹಂಡೆ ಪಾರ್ಸಲ್ ಖರ್ಚು ಯಾರದು ಅಂತ ಮೊದಲೇ ಮಾತಾಡ್ರಿ, ಇಲ್ಲಾಂದ್ರ ಬಂದ ಲಾಭ ಲಾರಿಗೇ ಹೋಗ್ತದ. ಪಗಡಿ, ಅಳಗುಳಿ ಮಣಿ ಮಾರೋವಾಗ ಕಾಯಿ, ಕವಡಿ ಎಣಿಸಿ ಕೊಡ್ರಿ, ಆಟ ಆಡೋ ರೀತಿ ಒಂದು ಹಾಳ್ಯಾಗ ಬರದು ಜೋಡಿ ಇಡ್ರಿ. ತಗೊಂಡವರಿಗೆ ಆಡ್ಲಿಕ್ಕೆ ಬರದಿದ್ರ ಆ ಆಟ ಬರೇ ಗ್ವಾಡಿ ಮ್ಯಾಲಿನ ಚಿತ್ರ ಆಗ್ತದ.

ನಿಮ್ಮ ನಿಮ್ಮ ನಾಗೊಂದಿ ಮ್ಯಾಲೆ ಏನೇನು ಅವ, ಅವುಗಳ ಮ್ಯಾಲೆ ಯಾರ ಹೆಸರು ಅದ, ಇಳಿಸಿ ನೋಡಿ ನನಗ ತಿಳಿಸ್ರಿ. ಮಾರೋದು ಬಿಡೋದು ಆಮ್ಯಾಲಿನ ಮಾತು, ಓದೋದು ಅಂತೂ ಆಗ್ಲಿ.